ಬೆಟ್ಟದಲ್ಲಿ ಒಂದು ದಿನ: ಮರಳುವ ಹೊತ್ತಿನಿಂದ ಹಿಂದಕ್ಕೆ ಎಣಿಸುವ ಕ್ರಮ

ಬೆಟ್ಟಗಳ ನಾಡಿಗೆ ಕೆಲವೇ ದಿನಗಳ ಬಿಡುವಿನಲ್ಲಿ ಬರುವವರು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಹಿಡಿದು, ಒಂದರಿಂದ ಇನ್ನೊಂದಕ್ಕೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ದಿನವನ್ನು ಹೊಂದಿಸಿಕೊಳ್ಳುತ್ತಾರೆ. ಬಯಲಿನಲ್ಲಿ ಈ ಲೆಕ್ಕ ಸಾಕು. ಬೆಟ್ಟದಲ್ಲಿ ನಾಲ್ಕು ಕಿಲೋಮೀಟರ್ ಎಂಬುದು ಒಂದು ಕಡೆ ಒಂದು ಗಂಟೆಯ ಹಾದಿ, ಇನ್ನೊಂದು ಕಡೆ ಅರ್ಧ ದಿನದ ಹಾದಿ. ಇಲ್ಲಿ ಅಳೆಯಬೇಕಾದದ್ದು ದೂರವನ್ನಲ್ಲ, ಹೊತ್ತನ್ನು. ಬೆಳಕಿರುವಾಗಲೇ ಕೆಳಗೆ ಮರಳಬೇಕಾದ ಗಳಿಗೆಯನ್ನು ಮೊದಲು ಗುರುತಿಸಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ, ಯಾವ ಹಾದಿ ಹಿಡಿಯಬೇಕು, ಎಷ್ಟು ಹೊತ್ತಿಗೆ ಏಳಬೇಕು, ಚೀಲದಲ್ಲಿ ಏನಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಆ ಎಣಿಕೆಯೇ ಉತ್ತರ ಕೊಡುತ್ತದೆ. ಮೊದಲ ಬಾರಿ ಬೆಟ್ಟಕ್ಕೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಬಂದ ದಿನವನ್ನು ದೇಹಕ್ಕೆ ಬಿಟ್ಟುಕೊಡಿ

ತಂಗುವ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. 2,500 ಮೀಟರಿಗಿಂತ ಕೆಳಗಿದ್ದರೆ ಎತ್ತರದ ಕಾರಣಕ್ಕೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಅದಕ್ಕಿಂತ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಇಳಿಯುತ್ತದೆ. 3,000 ಮೀಟರಿನಲ್ಲಿ ಒತ್ತಡವು ಸಮುದ್ರಮಟ್ಟದ ಸುಮಾರು ಶೇಕಡಾ 70ರಷ್ಟಿದ್ದರೆ, 5,500 ಮೀಟರಿನಲ್ಲಿ ಅರ್ಧಕ್ಕಿಳಿದಿರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಅತಿಯಾದ ಸುಸ್ತು ಮೇಲೆ ತಲುಪಿದ ಕೂಡಲೇ ಕಾಣಿಸಿಕೊಳ್ಳದೆ ಕೆಲವು ಗಂಟೆಗಳ ನಂತರ ಆರಂಭವಾಗುವುದರಿಂದ, ಮೊದಲ ಸಂಜೆ ಹುರುಪಿನಲ್ಲಿದ್ದವರು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವುದುಂಟು. ದೇಹ ಗಟ್ಟಿಮುಟ್ಟಾಗಿರುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ನಿತ್ಯ ಓಡುವವರಿಗೂ ಬರುತ್ತದೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ಸೂತ್ರ. ಹಗಲಿನಲ್ಲಿ ಮೇಲೇರಿ ರಾತ್ರಿಗೆ ಕೆಳಗಿಳಿದು ಮಲಗುವ ಒಂದು ದಿನದ ಪ್ರವಾಸಕ್ಕೆ ಈ ದೃಷ್ಟಿಯಿಂದ ಅನುಕೂಲವೇ ಹೆಚ್ಚು. ಆದರೆ ರೋಪ್‌ವೇ ಹತ್ತುವವರು ಸ್ವಲ್ಪ ಯೋಚಿಸಬೇಕು. ಫ್ರಾನ್ಸಿನ ಶಾಮೊನಿ ಪಟ್ಟಣದಲ್ಲಿ 1,035 ಮೀಟರ್ ಎತ್ತರದಿಂದ ಹೊರಡುವ ರೋಪ್‌ವೇ ಸುಮಾರು ಇಪ್ಪತ್ತು ನಿಮಿಷಗಳಲ್ಲಿ 3,700 ಮೀಟರ್ ದಾಟಿಸುತ್ತದೆ. ಕಾಲ್ನಡಿಗೆಯಲ್ಲಿ ಎರಡು ದಿನ ಹಿಡಿಯುವ ಏರಿಕೆಗೆ ದೇಹಕ್ಕೆ ಸಿಗುವ ಅವಕಾಶ ಅಷ್ಟೇ. ಅಂಥ ಕಡೆ ಮೇಲೆ ನಿಧಾನವಾಗಿ ನಡೆಯಿರಿ, ಮೆಟ್ಟಿಲನ್ನು ಓಡಿ ಹತ್ತಬೇಡಿ, ತಲೆ ನೋಯತೊಡಗಿದರೆ ಮುಂದಿನ ಗಾಡಿಯಲ್ಲೇ ಇಳಿದುಬಿಡಿ.

ಬಂದ ದಿನ ಊರಿನ ಸುತ್ತ ಒಂದೆರಡು ಗಂಟೆ ಅಡ್ಡಾಡಿದರೆ ಸಾಕು. ಮೋಡಗಳು ಎಷ್ಟು ಹೊತ್ತಿಗೆ ಕಟ್ಟುತ್ತವೆ, ಎದುರಿನ ಏಣಿನ, ಅಂದರೆ ಬೆಟ್ಟದ ಉದ್ದನೆಯ ಬೆನ್ನಿನ, ಹಿಂದೆ ಸೂರ್ಯ ಎಷ್ಟು ಗಂಟೆಗೆ ಮರೆಯಾಗುತ್ತಾನೆ ಎಂಬುದನ್ನು ಗಮನಿಸಿಟ್ಟುಕೊಳ್ಳಿ. ಕಣಿವೆಯೊಳಗೆ ಪಂಚಾಂಗದ ಸೂರ್ಯಾಸ್ತಕ್ಕಿಂತ ಬಹಳ ಮೊದಲೇ ನೆರಳು ಬಿದ್ದು ಚಳಿ ಏಳುತ್ತದೆ. ಮರುದಿನದ ಎಣಿಕೆಗೆ ಬೇಕಾದ ಮೊದಲ ಅಂಕಿ ನಿಮಗೆ ಸಿಗುವುದು ಹೀಗೆ.

ಎರಡನೆಯ ಹಂತ: ನಕ್ಷೆಯಿಂದ ಹೊತ್ತನ್ನು ತೆಗೆಯಿರಿ

ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ, ಆದರೆ ನೆಲದ ಏರಿಳಿತವನ್ನು ಸರಿಯಾಗಿ ಮನಗಾಣಿಸುವುದು ಸಮೋನ್ನತಿ ರೇಖೆಗಳಿರುವ ಸ್ಥಳಾಕೃತಿ ನಕ್ಷೆ. ಒಂದೇ ಎತ್ತರದ ಬಿಂದುಗಳನ್ನು ಜೋಡಿಸುವ ಈ ರೇಖೆಗಳು ಒತ್ತೊತ್ತಾಗಿದ್ದಲ್ಲಿ ಇಳಿಜಾರು ಕಡಿದು, ವಿರಳವಾಗಿದ್ದಲ್ಲಿ ನೆಲ ಸಮತಟ್ಟು. ರೇಖೆಗಳು ಬಾಗಿ ಅವುಗಳ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಅದು ಹಳ್ಳದ ಸೀಳು. ತಗ್ಗಿನ ಕಡೆಗೆ ಚಾಚಿದ್ದರೆ ಅದು ಬೆಟ್ಟದ ಏಣು. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್, ಮತ್ತು ಎರಡು ರೇಖೆಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ಹಾದಿಯ ಮೇಲೆ ಬೆರಳಾಡಿಸಿ ದಾಟಿದ ರೇಖೆಗಳನ್ನು ಎಣಿಸಿದರೆ ಒಟ್ಟು ಏರಿಕೆ ತಿಳಿಯುತ್ತದೆ.

ಈ ಎರಡು ಅಂಕಿಗಳಿಂದ ಹೊತ್ತನ್ನು ತೆಗೆಯುವ ಸೂತ್ರವನ್ನು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಒಂದು ಉದಾಹರಣೆ ನೋಡೋಣ. ನೆತ್ತಿಗೆ ಆರು ಕಿಲೋಮೀಟರ್ ಹಾದಿ, 900 ಮೀಟರ್ ಏರಿಕೆ, ಬಂದ ದಾರಿಯಲ್ಲೇ ಮರಳುವುದು. ಹತ್ತಲು ದೂರಕ್ಕೆ 1 ಗಂಟೆ 12 ನಿಮಿಷ, ಏರಿಕೆಗೆ 1 ಗಂಟೆ 30 ನಿಮಿಷ, ಒಟ್ಟು 2 ಗಂಟೆ 42 ನಿಮಿಷ; ಇಳಿಯಲು 1 ಗಂಟೆ 12 ನಿಮಿಷ. ಈ ಸೂತ್ರ ಅಭ್ಯಾಸವಿರುವ, ದಾರಿಯಲ್ಲಿ ನಿಲ್ಲದೆ ನಡೆಯುವವರ ಲೆಕ್ಕವಾದ್ದರಿಂದ, ಹೊಸಬರು ಅದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಆಗ ಹತ್ತಲು ನಾಲ್ಕು ಗಂಟೆ, ಇಳಿಯಲು ಎರಡು ಗಂಟೆಗೆ ಸ್ವಲ್ಪ ಕಡಿಮೆ, ಊಟ ವಿಶ್ರಾಂತಿಗೆ ಒಂದು ಗಂಟೆ. ಅಂದರೆ ಹತ್ತಿರ ಹತ್ತಿರ ಏಳು ಗಂಟೆಗಳ ದಿನ. ಇಳಿಜಾರು ತೀರ ಕಡಿದಾಗಿದ್ದರೆ ಅಥವಾ ಸಡಿಲ ಕಲ್ಲುಗಳಿಂದ ತುಂಬಿದ್ದರೆ ಇಳಿಯುವುದಕ್ಕೂ ಹತ್ತುವಷ್ಟೇ ಹೊತ್ತು ಹಿಡಿಯಬಹುದು.

ಈಗ ಹಿಂದಕ್ಕೆ ಎಣಿಸಿ. ಮಧ್ಯಾಹ್ನ ಮೋಡ ಕಟ್ಟುವ ಋತುವಾದ್ದರಿಂದ ಹನ್ನೊಂದರೊಳಗೆ ನೆತ್ತಿಯಲ್ಲಿರಬೇಕು ಎಂದುಕೊಂಡರೆ, ದಾರಿಯ ವಿಶ್ರಾಂತಿಗೆ ಅರ್ಧ ಗಂಟೆ ಸೇರಿಸಿ, ಆರೂವರೆಗೆ ಹೆಜ್ಜೆ ಹಾಕಲಾರಂಭಿಸಬೇಕು. ಜೊತೆಗೆ ಹಿಂದಿರುಗುವ ಗಡುವೊಂದನ್ನೂ ಗೊತ್ತುಮಾಡಿ. ಎಲ್ಲಿದ್ದರೂ ಸರಿ, ಹನ್ನೊಂದೂವರೆಗೆ ಹಿಂದಿರುಗುತ್ತೇವೆ ಎಂದು ಕೆಳಗಿರುವಾಗಲೇ ಎಲ್ಲರೂ ಒಪ್ಪಿಕೊಳ್ಳಬೇಕು, ಏಕೆಂದರೆ ನೆತ್ತಿ ಕಣ್ಣಿಗೆ ಬಿದ್ದ ಮೇಲೆ ಯಾರ ತೀರ್ಮಾನವೂ ನೆಟ್ಟಗಿರುವುದಿಲ್ಲ. ಒಮ್ಮೆ ನಾವು ಮೂವರು ಗಡುವು ದಾಟಿದ ಮೇಲೂ, ಇನ್ನು ಇಪ್ಪತ್ತು ನಿಮಿಷವಷ್ಟೇ ಎಂದು ಮುಂದುವರಿದೆವು. ಆ ಇಪ್ಪತ್ತು ನಿಮಿಷ ಒಂದು ಗಂಟೆಯಾಯಿತು, ಕೊನೆಯ ಎರಡು ಗಂಟೆಯ ಇಳಿಜಾರನ್ನು ಒಂದೇ ಟಾರ್ಚಿನ ಬೆಳಕಿನಲ್ಲಿ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಇಳಿಯಬೇಕಾಯಿತು. ಅಂದಿನಿಂದ ಗಡುವನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ.

ಮೂರನೆಯ ಹಂತ: ಹವೆಯನ್ನು ಗಂಟೆಗಂಟೆಯಾಗಿ ಓದಿ

ಹವಾಮಾನ ವರದಿ ಕಣಿವೆಯ ಪಟ್ಟಣದ್ದಾಗಿದ್ದರೆ ಅದು ನೆತ್ತಿಗೆ ಅನ್ವಯಿಸುವುದಿಲ್ಲ. ಸರಾಸರಿಯಲ್ಲಿ ಪ್ರತಿ 1,000 ಮೀಟರ್ ಏರಿಕೆಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ; ಕೆಳಗೆ 18 ಡಿಗ್ರಿ ಇದ್ದರೆ ಸಾವಿರದೈನೂರು ಮೀಟರ್ ಮೇಲೆ 8 ಡಿಗ್ರಿ, ಬೀಸುವ ಗಾಳಿಯಲ್ಲಿ ಒದ್ದೆ ಬಟ್ಟೆಯೊಂದಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಚಳಿ.

ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಇಳಿಜಾರುಗಳು ಕಾದು, ಅವುಗಳಿಗೆ ತಾಗಿದ ಗಾಳಿ ಹಗುರಾಗಿ ಕಣಿವೆಯಿಂದ ಮೇಲಕ್ಕೆ ಹರಿಯುತ್ತದೆ. ಆ ಗಾಳಿಯ ತೇವ ಮೇಲೆ ತಂಪಾಗಿ ಮೋಡವಾಗುತ್ತದೆ. ಬೆಚ್ಚನೆಯ ಋತುಗಳಲ್ಲಿ ಮುಂಜಾನೆ ಶುಭ್ರವಾಗಿದ್ದ ನೆತ್ತಿ ಮಧ್ಯಾಹ್ನಕ್ಕೆ ಮುಚ್ಚಿಕೊಂಡು, ಮೂರರ ಹೊತ್ತಿಗೆ ಗುಡುಗತೊಡಗುವುದಕ್ಕೆ ಇದೇ ಕಾರಣ, ಮತ್ತು ಬೆಳಗಿನ ಜಾವ ಹೊರಡಬೇಕೆಂದು ಎಲ್ಲ ಬೆಟ್ಟಗಳಲ್ಲೂ ಹೇಳುವುದಕ್ಕೂ ಇದೇ ಕಾರಣ. ಹತ್ತು ಗಂಟೆಗೇ ಹತ್ತಿಯ ರಾಶಿಯಂಥ ಮೋಡಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆಯುತ್ತಿದ್ದರೆ ಗಡುವನ್ನು ಒಂದು ಗಂಟೆ ಹಿಂದಕ್ಕೆ ತನ್ನಿ.

ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲಿರುವುದು ಸುಮಾರು ಹತ್ತು ಕಿಲೋಮೀಟರಿನೊಳಗೆ. ನೀವಿರುವುದು ಅಪಾಯದ ವಲಯದಲ್ಲಿ. ಏಣಿನಿಂದ, ನೆತ್ತಿಯಿಂದ ತಕ್ಷಣ ಕೆಳಗಿಳಿಯಿರಿ. ಒಂಟಿ ಮರ, ಕಬ್ಬಿಣದ ಸರಪಳಿ, ತಂತಿಬೇಲಿ, ಬಂಡೆಯ ಪೊಟರೆಯ ಬಾಯಿ ಇವು ಆಶ್ರಯದಂತೆ ಕಂಡರೂ ಆಶ್ರಯವಲ್ಲ. ಗುಂಪಾಗಿ ಕೂರದೆ ಬಿಡಿಬಿಡಿಯಾಗಿ ಚದುರಿರಿ, ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯದೆ ಮತ್ತೆ ಮೇಲೇರಬೇಡಿ.

ನೀರಿಗೂ ಹೊತ್ತಿನ ಲೆಕ್ಕವಿದೆ. ಹಿಮನದಿಯಿಂದ ಹುಟ್ಟುವ ತೊರೆಗಳು ಮುಂಜಾನೆ ಸಣ್ಣಗಿದ್ದು, ಬಿಸಿಲಿಗೆ ಹಿಮ ಕರಗಿದಂತೆ ಮಧ್ಯಾಹ್ನದ ನಂತರ ಉಬ್ಬುತ್ತವೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ತೊರೆಯನ್ನು ಸಂಜೆ ದಾಟಲಾಗದೆ ಆಚೆ ದಡದಲ್ಲಿ ಉಳಿದುಹೋಗುವವರಿದ್ದಾರೆ. ಮರಳುವ ದಾರಿಯಲ್ಲಿ ಸೇತುವೆಯಿಲ್ಲದ ತೊರೆಯಿದ್ದರೆ ಅದನ್ನೂ ಎಣಿಕೆಯಲ್ಲಿ ಸೇರಿಸಿ.

ನಾಲ್ಕನೆಯ ಹಂತ: ಚೀಲ

ಬಟ್ಟೆ ಮೂರು ಪದರಗಳಲ್ಲಿರಲಿ. ಮೈಗೆ ತಾಗುವುದು ಬೆವರನ್ನು ಹೊರಹಾಕುವಂಥದ್ದು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸಿನ ಬೆಚ್ಚನೆಯದು, ಎಲ್ಲಕ್ಕೂ ಹೊರಗೆ ಮಳೆ ಗಾಳಿ ತಡೆಯುವ ಜಾಕೆಟ್. ಹತ್ತಿಯ ಬಟ್ಟೆ ಬಯಲಿನ ಬಿಸಿಲಿಗೆ ಹೇಗೆ ಹಿತವೋ ಬೆಟ್ಟದ ಚಳಿಗೆ ಹಾಗೆ ಶತ್ರು. ಒಮ್ಮೆ ನೆಂದರೆ ಬೇಗ ಒಣಗದೆ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ನಡೆಯುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕಾಗುವುದರಿಂದ, ದಾರಿಯಲ್ಲಿ ಶುದ್ಧ ನೀರು ಸಿಗುವ ಖಾತ್ರಿಯಿಲ್ಲದಿದ್ದರೆ ಏಳು ಗಂಟೆಯ ದಿನಕ್ಕೆ ಮೂರು ಲೀಟರಿಗಿಂತ ಕಡಿಮೆ ಒಯ್ಯಬೇಡಿ. ಮೇಲೇರಿದಂತೆ ಅತಿನೇರಳೆ ಕಿರಣಗಳು ಪ್ರತಿ 1,000 ಮೀಟರಿಗೆ ಶೇಕಡಾ ಹತ್ತರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇಕಡಾ 80ರವರೆಗೆ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಕಪ್ಪು ಕನ್ನಡಕ, ಟೋಪಿ, ಸನ್‌ಸ್ಕ್ರೀನ್ ಮೋಡವಿರುವ ದಿನವೂ ಬೇಕು.

ಇನ್ನುಳಿದವು ಚಿಕ್ಕವು: ತಲೆಗೆ ಕಟ್ಟುವ ಟಾರ್ಚ್, ಸೀಟಿ, ಕಾಗದದ ನಕ್ಷೆ, ದಿಕ್ಸೂಚಿ, ಬ್ಯಾಂಡೇಜು, ನೋವಿನ ಮಾತ್ರೆ, ನಿಮ್ಮ ನಿತ್ಯದ ಔಷಧಿ, ಲೆಕ್ಕಕ್ಕಿಂತ ಒಂದು ಹೊತ್ತಿನ ಹೆಚ್ಚಿನ ಆಹಾರ. ಸಂಜೆ ನಾಲ್ಕಕ್ಕೆ ಮರಳುವ ಯೋಜನೆಯಿದ್ದರೂ ಟಾರ್ಚ್ ಇರಲೇಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಕುಸಿಯುವುದರಿಂದ ಅದನ್ನು ಒಳಜೇಬಿನಲ್ಲಿ, ಏರೋಪ್ಲೇನ್ ಮೋಡಿನಲ್ಲಿಡಿ. ಬೂಟು ಹೊಸದಾಗಿದ್ದರೆ ಬೆಟ್ಟಕ್ಕೆ ಬರುವ ಮೊದಲು ಕೆಲವು ದಿನ ಊರಿನಲ್ಲೇ ಹಾಕಿಕೊಂಡು ಪಳಗಿಸಿ.

ಹೊರಡುವ ಮುನ್ನ ಒಬ್ಬರಿಗೆ ತಿಳಿಸಿ: ಯಾವ ಹಾದಿ, ಎಷ್ಟು ಜನ, ಎಷ್ಟು ಹೊತ್ತಿಗೆ ಮರಳುತ್ತೀರಿ, ಎಷ್ಟು ಹೊತ್ತಿನವರೆಗೂ ಸುದ್ದಿ ಬರದಿದ್ದರೆ ರಕ್ಷಣಾ ತಂಡಕ್ಕೆ ಹೇಳಬೇಕು. ಕೊನೆಯದನ್ನು ಹೇಳದಿದ್ದರೆ ಉಳಿದವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅರಣ್ಯ ಅಥವಾ ರಕ್ಷಿತ ಪ್ರದೇಶಗಳಲ್ಲಿ ಪ್ರವೇಶಕ್ಕೆ ಅನುಮತಿ ಬೇಕೇ ಎಂಬುದನ್ನೂ ಹಿಂದಿನ ದಿನವೇ ವಿಚಾರಿಸಿ.

ಐದನೆಯ ಹಂತ: ನಡಿಗೆ

ಮೊದಲ ಅರ್ಧ ಗಂಟೆ ನಿಮಗೆ ಸಹಜವೆನಿಸುವುದಕ್ಕಿಂತ ನಿಧಾನವಾಗಿ ನಡೆಯಿರಿ. ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಹೆಚ್ಚಾಯಿತು. ಗುಂಪಿನ ವೇಗವನ್ನು ನಿಶ್ಚಯಿಸಬೇಕಾದವರು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು. ಮುಂದೆ ಹೋದವರು ಕಾದು ನಿಂತು, ಹಿಂದಿನವರು ಬಂದು ಸೇರಿದ ಕೂಡಲೇ ಮತ್ತೆ ಹೊರಟರೆ, ವಿಶ್ರಾಂತಿ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಸಿಕ್ಕುವುದಿಲ್ಲ.

ಹಿಮ್ಮಡಿಯಲ್ಲಿ ಉರಿ ಆರಂಭವಾದ ಕ್ಷಣವೇ ನಿಂತು ಬೂಟು ಬಿಚ್ಚಿ ಟೇಪು ಹಚ್ಚಿ. ಗುಳ್ಳೆಯೆದ್ದ ಮೇಲೆ ಮಾಡಬಹುದಾದದ್ದು ಕಡಿಮೆ. ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರವನ್ನು ಎರಡು ಕೋಲುಗಳು ಸಾಕಷ್ಟು ಹಂಚಿಕೊಳ್ಳುತ್ತವೆ, ಹೆಜ್ಜೆ ಚಿಕ್ಕದಾಗಿ, ಮಂಡಿ ಸ್ವಲ್ಪ ಬಾಗಿರಲಿ. ಅವಘಡಗಳಲ್ಲಿ ಬಹಳಷ್ಟು ಇಳಿಯುವಾಗಲೇ ಆಗುತ್ತವೆ, ಏಕೆಂದರೆ ಆಗ ಕಾಲು ದಣಿದಿರುತ್ತದೆ, ಮನಸ್ಸು ಆಗಲೇ ಊರು ಸೇರಿರುತ್ತದೆ. ಕಾಲು ತಾಗಿ ಕಲ್ಲು ಉರುಳಿದರೆ ಕೆಳಗೆ ಯಾರೂ ಕಾಣದಿದ್ದರೂ ಗಟ್ಟಿಯಾಗಿ ಕೂಗಿ ಎಚ್ಚರಿಸಿ. ಇಕ್ಕಟ್ಟಿನ ಹಾದಿಯಲ್ಲಿ ಹತ್ತಿ ಬರುತ್ತಿರುವವರಿಗೆ ದಾರಿ ಬಿಡಿ.

ಹಾದಿ ತಿರುವುಮುರುವಾಗಿದೆಯೆಂದು ಅಡ್ಡಹಾಯ್ದು ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಆ ಒಳದಾರಿಯಲ್ಲಿ ಹುಲ್ಲು ಸತ್ತು, ಮುಂದಿನ ಮಳೆಗೆ ಅದೇ ಕಾಲುವೆಯಾಗಿ, ಕೆಲವು ವರ್ಷಗಳಲ್ಲಿ ಇಡೀ ಇಳಿಜಾರು ಕೊರೆದುಹೋಗುತ್ತದೆ. ಎತ್ತರದಲ್ಲಿ ಸಸ್ಯಗಳು ಬೆಳೆಯುವ ಕಾಲ ವರ್ಷಕ್ಕೆ ಕೆಲವೇ ವಾರಗಳಾದ್ದರಿಂದ ಗಾಯ ಮಾಯಲು ದಶಕಗಳು ಬೇಕು. ಚಳಿಯಲ್ಲಿ ಕೊಳೆಯುವ ಕ್ರಿಯೆಯೂ ನಿಧಾನ; ಹಣ್ಣಿನ ಸಿಪ್ಪೆಯನ್ನು ಸಹ ಚೀಲದಲ್ಲೇ ಮರಳಿ ತನ್ನಿ. ಬಹಿರ್ದೆಸೆಗೆ ನೀರಿನಿಂದಲೂ ಹಾದಿಯಿಂದಲೂ 60 ಮೀಟರಿಗೆ ಕಡಿಮೆಯಿಲ್ಲದಷ್ಟು ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ.

ನಡಿಗೆಯಲ್ಲದ ದಿನಗಳು

ಸತತವಾಗಿ ಮೂರು ದಿನ ಹತ್ತಿಳಿದರೆ ಹೊಸ ಕಾಲುಗಳು ಮುಷ್ಕರ ಹೂಡುತ್ತವೆ. ನಡುವೆ ಬೇರೆ ಚಟುವಟಿಕೆಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ಪ್ರತಿಯೊಂದಕ್ಕೂ ಅದರದೇ ಹೊತ್ತಿದೆ. ಹಕ್ಕಿ ನೋಡುವವರಿಗೆ ಸೂರ್ಯೋದಯದ ನಂತರದ ಎರಡು ಗಂಟೆ. ನಕ್ಷತ್ರ ನೋಡುವವರಿಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು. ಮಕ್ಕಳಿದ್ದರೆ ಕೆರೆಯ ಸುತ್ತಿನ ಅಥವಾ ಜಲಪಾತದವರೆಗಿನ ಸಮತಟ್ಟಾದ ಹಾದಿಯೇ ಅತ್ಯುತ್ತಮ, ಏಕೆಂದರೆ ಅವರಿಗೆ ನೆತ್ತಿಗಿಂತ ದಾರಿಯ ಕಲ್ಲು, ಹುಳು, ನೀರೇ ಮುಖ್ಯ. ಆದರೆ ಬೆಟ್ಟದ ಕೆರೆಗಳ ನೀರು ಬೇಸಗೆಯಲ್ಲೂ ತಣ್ಣಗಿರುತ್ತದೆ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಥಟ್ಟನೆ ಧುಮುಕಿದರೆ ಉಸಿರು ತಾನಾಗಿ ಏದುಸಿರಾಗಿ, ಒಳ್ಳೆಯ ಈಜುಗಾರರೂ ಮೊದಲ ಒಂದೆರಡು ನಿಮಿಷಗಳಲ್ಲೇ ನೀರು ಕುಡಿಯುತ್ತಾರೆ. ಮೆಲ್ಲಗೆ ಇಳಿಯಿರಿ.

ರಾಫ್ಟಿಂಗಿನಲ್ಲಿ ನೀರಿನ ರಭಸವನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಮೊದಲ ಸಲದವರಿಗೆ ಎರಡು ಅಥವಾ ಮೂರನೆಯ ದರ್ಜೆ ಸಾಕು, ಆರು ಎಂದರೆ ನಿಪುಣರಿಗೂ ಪ್ರಾಣಾಪಾಯ. ಜೋಡಿ ಪ್ಯಾರಾಗ್ಲೈಡಿಂಗಿಗೆ ಹೋಗುವವರು ಪೈಲಟ್‌ಗೆ ಪರವಾನಗಿ ಇದೆಯೇ, ಮೀಸಲು ಪ್ಯಾರಾಚೂಟ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು, ಗಾಳಿ ಸರಿಯಿಲ್ಲವೆಂದು ಅವರು ಕಾಯಿಸಿದರೆ ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯಬೇಕು. ಸೈಕಲ್ಲಿನಲ್ಲಿ ಉದ್ದದ ಇಳಿಜಾರು ಇಳಿಯುವಾಗ ಬ್ರೇಕನ್ನು ಸತತವಾಗಿ ಹಿಡಿದಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ.

ಆಲ್ಪ್ಸ್ ಪರ್ವತಗಳಲ್ಲಿ ವಿಯಾ ಫೆರಾಟಾ ಎಂಬ ಬಂಡೆಯೇರು ಹಾದಿಗಳಿವೆ. ಇಟಾಲಿಯನ್ ಭಾಷೆಯಲ್ಲಿ ಕಬ್ಬಿಣದ ಹಾದಿ ಎಂದರ್ಥ. ಮೊದಲ ಮಹಾಯುದ್ಧದಲ್ಲಿ ಡೊಲೊಮೈಟ್ಸ್ ಬೆಟ್ಟಗಳಲ್ಲಿ ಸೈನಿಕರ ಓಡಾಟಕ್ಕೆಂದು ಇಂಥ ಅನೇಕ ಹಾದಿಗಳಿಗೆ ಏಣಿ, ತಂತಿಗಳನ್ನು ಕೂರಿಸಲಾಯಿತು. ಹೆಲ್ಮೆಟ್, ಹಾರ್ನೆಸ್ (ಸೊಂಟ, ತೊಡೆಗಳಿಗೆ ಬಿಗಿಯುವ ಪಟ್ಟಿ), ಬಿದ್ದಾಗ ಆಘಾತ ಹೀರುವ ಜೋಡಿ ಹಗ್ಗ ಇಲ್ಲದೆ ಅವುಗಳ ಮೇಲೆ ಕಾಲಿಡಬಾರದು. ತಂತಿಯ ಎರಡು ಗೂಟಗಳ ನಡುವೆ ಒಮ್ಮೆಗೆ ಒಬ್ಬರೇ ಇರಬೇಕು.

ಹಿಮದ ಋತುವಿನಲ್ಲಿ ಬರುವವರಿಗೆ ಒಂದು ಅಂಕಿ ನೆನಪಿರಲಿ. ಹಿಮಕುಸಿತಗಳಲ್ಲಿ ಹೆಚ್ಚಿನವು ಹುಟ್ಟುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ, ಅಂದರೆ ಜಾರಾಟಕ್ಕೆ ಮನಸ್ಸು ಸೆಳೆಯುವಂಥ ಇಳಿಜಾರುಗಳಲ್ಲೇ. ಹಿಮದಡಿ ಸಿಲುಕಿದವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆಯೊಳಗೇ ತೀವ್ರವಾಗಿ ಕುಸಿಯುವುದರಿಂದ, ಹೊರಗಿನ ನೆರವು ಬರುವಷ್ಟರಲ್ಲಿ ತಡವಾಗಿರುತ್ತದೆ. ಗುರುತು ಹಾಕಿ ಕಾಪಾಡುವ ಜಾಡುಗಳನ್ನು ಬಿಟ್ಟು ಆಚೆ ಹೋಗಬೇಕೆಂದರೆ ತರಬೇತಿ ಪಡೆದ ಮಾರ್ಗದರ್ಶಕರೊಡನೆ ಮಾತ್ರ ಹೋಗಿ.

ಎಣಿಕೆ ತಪ್ಪಿದಾಗ

ದಾರಿ ತಪ್ಪಿದೆಯೆಂದು ಅನುಮಾನ ಬಂದರೆ ಮೊದಲು ನಿಲ್ಲಿ. ಕೊನೆಯದಾಗಿ ಖಚಿತವಾಗಿ ಗುರುತಿಸಿದ ಜಾಗಕ್ಕೆ ಹಿಂದಿರುಗುವುದು, ಹಳ್ಳದ ಜಾಡು ಹಿಡಿದು ಇಳಿಯುವುದಕ್ಕಿಂತ ಯಾವಾಗಲೂ ಮೇಲು, ಏಕೆಂದರೆ ಹಳ್ಳಗಳು ಜಲಪಾತಗಳಲ್ಲಿ, ಕಡಿದಾದ ಕೊರಕಲುಗಳಲ್ಲಿ ಕೊನೆಯಾಗುತ್ತವೆ. ಭಾರತದಲ್ಲಿಯೂ ಯುರೋಪಿನ ದೇಶಗಳಲ್ಲಿಯೂ ತುರ್ತು ಸಂಖ್ಯೆ 112. ಸಿಗ್ನಲ್ ಇಲ್ಲದಿದ್ದರೆ ಪರ್ವತಗಳ ಅಂತರರಾಷ್ಟ್ರೀಯ ಸಂಕೇತವನ್ನು ಬಳಸಿ: ಸೀಟಿಯಿಂದಾಗಲಿ ಟಾರ್ಚಿನಿಂದಾಗಲಿ ನಿಮಿಷಕ್ಕೆ ಆರು ಸಲ, ನಂತರ ಒಂದು ನಿಮಿಷ ಮೌನ, ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆಂದು ಅರ್ಥ. ಹೆಲಿಕಾಪ್ಟರ್ ಕಂಡರೆ ಎರಡೂ ಕೈಗಳನ್ನು ಮೇಲಕ್ಕೆ ಓರೆಯಾಗಿ ಚಾಚುವುದು ನೆರವು ಬೇಕು ಎಂಬ ಸೂಚನೆ. ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟರೆ ಬೇಡ ಎಂದಾಗುತ್ತದೆ. ನೆರವು ಬೇಕಿಲ್ಲದವರು ಸುಮ್ಮನೆ ಕೈಬೀಸಬಾರದು.

ಚಳಿಯಲ್ಲಿ ನಡುಗುತ್ತಿದ್ದವರ ನಡುಕ ನಿಂತು, ಮಾತು ತೊದಲಿ, ಹೆಜ್ಜೆ ತಡವರಿಸತೊಡಗಿದರೆ ಅವರು ಸುಧಾರಿಸಿದ್ದಾರೆಂದಲ್ಲ, ಮೈಯ ಶಾಖ ಅಪಾಯದ ಮಟ್ಟಕ್ಕೆ ಕುಸಿದಿದೆ ಎಂದರ್ಥ. ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹೊದಿಸಿ, ನೆಲದ ಚಳಿ ತಾಗದಂತೆ ಚೀಲಗಳ ಮೇಲೆ ಮಲಗಿಸಿ. ಪೂರ್ಣ ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಡಿ, ಮದ್ಯ ಬೇಡವೇ ಬೇಡ. ಎತ್ತರದಲ್ಲಿ ಕುಳಿತಿದ್ದಾಗಲೂ ಏದುಸಿರು ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ, ಮಾತಿನಲ್ಲಿ ಗೊಂದಲ ಕಂಡರೆ ರಾತ್ರಿಯಾದರೂ ಸರಿ ಕೆಳಗಿಳಿಸಬೇಕು, ಅವರನ್ನು ಒಬ್ಬರೇ ಇಳಿಯಲು ಬಿಡಬಾರದು.

ಮರಳಿದ ಮೇಲೆ

ಕೆಳಗೆ ತಲುಪಿದೊಡನೆ ಕಾಲು, ಕುತ್ತಿಗೆ, ಬಟ್ಟೆಯ ಮಡಿಕೆಗಳಲ್ಲಿ ಜಿಗಣೆ, ರಕ್ತ ಹೀರುವ ಉಣ್ಣೆಹುಳುಗಳಿವೆಯೇ ನೋಡಿಕೊಳ್ಳಿ. ಕಚ್ಚಿಕೊಂಡ ಉಣ್ಣೆಹುಳುವನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆಯಬೇಕು. ನಿಜವಾಗಿ ಹಿಡಿದ ಹೊತ್ತನ್ನು ಬೆಳಗಿನ ಎಣಿಕೆಯ ಪಕ್ಕದಲ್ಲಿ ಬರೆದಿಡಿ. ನಾಳೆಯ ಹಾದಿಗೆ ನೈಸ್ಮಿತ್ ಸೂತ್ರದ ಮೇಲೆ ಎಷ್ಟು ಸೇರಿಸಬೇಕೆಂಬುದು ಅದರಿಂದ ನಿಮ್ಮ ಕಾಲಿನ ಲೆಕ್ಕದಲ್ಲೇ ತಿಳಿಯುತ್ತದೆ. ಆದರೆ ಇವೆರಡಕ್ಕಿಂತಲೂ ಮೊದಲು, ಬೆಳಿಗ್ಗೆ ಯಾರಿಗೆ ಹೇಳಿ ಹೊರಟಿದ್ದಿರೋ ಅವರಿಗೆ ಮರಳಿದ್ದೇವೆಂದು ತಿಳಿಸಿ. ಆ ಒಂದು ಕರೆ ಮರೆತರೆ, ನೀವು ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿರುವ ಹೊತ್ತಿನಲ್ಲಿ ರಕ್ಷಣಾ ತಂಡದವರು ನಿಮ್ಮನ್ನು ಹುಡುಕುತ್ತ ಕತ್ತಲಿನಲ್ಲಿ ಅದೇ ಏಣನ್ನು ಹತ್ತುತ್ತಿರುತ್ತಾರೆ.